ಎಮ್ಮೆಮಾಡಿನಿಂದ ಮರಳುವ ಮುನ್ನ

ಎಮ್ಮೆಮಾಡಿಗೆ ಝಿಯಾರತ್‌ಗೆ ಹೋಗದ ಬ್ಯಾರಿ ಮನೆಗಳು ಕಡಿಮೆ. ವ್ಯಾನು ಗೊತ್ತು ಮಾಡಿ, ಬಿರಿಯಾನಿ ಪಾತ್ರೆ ಹಿಂದಿಟ್ಟುಕೊಂಡು ಹೋಗುತ್ತೇವೆ. ದುಆ ಮುಗಿಸಿ, ಮಡಿಕೇರಿಯಲ್ಲಿ ರಾಜಾಸೀಟು ನೋಡಿ, ರಾತ್ರಿ ಮನೆ ಸೇರುತ್ತೇವೆ. ನಾಪೋಕ್ಲಿನಿಂದ ಕಕ್ಕಬ್ಬೆ ಕಡೆಗೆ ಇನ್ನಷ್ಟು ಹೋದರೆ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1,748 ಮೀಟರ್. ಅಲ್ಲಿಗೆ ಹೋಗುವವರು ನಮ್ಮ ಹುಡುಗರು ಮಾತ್ರ, ಅದೂ ಬೈಕಿನಲ್ಲಿ. ಅಕ್ಕ ತಂಗಿಯರು ಅವರ ಮೊಬೈಲಿನಲ್ಲಿ ಬೆಟ್ಟ ನೋಡುತ್ತಾರೆ. ನನ್ನ ತಕರಾರು ಇದರ ಬಗ್ಗೆಯೇ.

ಕೇಳಿದರೆ, ಹೆಂಗಸರಿಗೆ ಹತ್ತಲಿಕ್ಕಾಗುವುದಿಲ್ಲ ಎನ್ನುತ್ತಾರೆ. ಬಾವಿಯಿಂದ ನೀರು ಸೇದಿ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರ ಬಗ್ಗೆ ಈ ಮಾತು!

ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಮೈಸೂರಿನ ಅರಮನೆ ನೆನೆದು ಹೋದರೆ ನಿರಾಸೆಯಾದೀತು. ಇದು ಎರಡಂತಸ್ತಿನ ಹೆಂಚಿನ ಮನೆ. ಕೆತ್ತನೆಯ ಮರದ ಕಂಬಗಳು, ಗೋಡೆಯಲ್ಲಿ ಮಾಸಿದ ಚಿತ್ರಗಳು. 1834ರಲ್ಲಿ ಬ್ರಿಟಿಷ್ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯಕ್ಕೆ ಬಂದದ್ದು ಇಲ್ಲಿಗೆ. ಅವನ ರಾಜ್ಯ ಹೋದ ಮೇಲೆಯೇ ಪುತ್ತೂರು, ಸುಳ್ಯದ ಸೀಮೆ ಕೊಡಗಿನಿಂದ ಕಡಿದು ಕೆನರಾಕ್ಕೆ ಸೇರಿತು. 1956ರವರೆಗೆ ನಮ್ಮ ಕಾಸರಗೋಡೂ ದಕ್ಷಿಣ ಕೆನರಾದಲ್ಲೇ ಇತ್ತಲ್ಲ! ನಮ್ಮ ಸಂಬಂಧಿಕರು ಹರಡಿರುವ ಊರುಗಳ ಕತೆಯಲ್ಲಿ ಈ ಮನೆಗೂ ಒಂದು ಪಾಲಿದೆ. ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಕ್ಕಳನ್ನು ಆ ಕಂಬಗಳ ನಡುವೆ ಕೂರಿಸಿ ನಾವೇ ಹೇಳಬೇಕು.

ದಾರಿ ಹೆದರುವಂಥದ್ದಲ್ಲ. ಮೊದಲು ಕಾಫಿ ತೋಟ, ಒಂದು ತೊರೆ. ಆಮೇಲೆ ಹುಲ್ಲುಗಾವಲು. ನಡುವೆ ದೊಡ್ಡ ಬಂಡೆಯಿರುವ ಸಮತಟ್ಟು ಜಾಗ ಸಿಗುತ್ತದೆ, ಮಂಡಿನೋವಿನವರು ಅಲ್ಲೇ ಕುಳಿತುಕೊಳ್ಳಬಹುದು. ಕೊನೆಯ ಶೋಲಾ ಕಾಡಿನ ಏರು ಮಾತ್ರ ಕಷ್ಟ. ಅಲ್ಲಿ ಗಂಡಸರಿಗೂ ಏದುಸಿರೇ. ಮಳೆಗಾಲದಲ್ಲಿ ಬೇಡ, ಜಿಗಣೆ ಬಿಡುವುದಿಲ್ಲ. ಬೆಳಿಗ್ಗೆ ಬೇಗ ಹೊರಟು, ಅರಣ್ಯ ಇಲಾಖೆಯವರಲ್ಲಿ ಹೆಸರು ಬರೆಸಿ ಹತ್ತಿದರೆ ಕತ್ತಲಾಗುವ ಮೊದಲು ಇಳಿಯಬಹುದು. ಲುಹರ್ ನಮಾಝಿಗೆ ಆ ಹುಲ್ಲಿಗಿಂತ ಒಳ್ಳೆಯ ಚಾಪೆ ಎಲ್ಲಿದೆ?

ಚಪ್ಪಲಿ ಸಾಲದು, ಪರ್ದಾದ ಕೆಳಗೆ ಒಳ್ಳೆಯ ಶೂ ಇರಲಿ. ಹುಡುಗರಿಗೆ ಸಾವಿರಾರು ರೂಪಾಯಿಯ ಶೂ ಕೊಡಿಸುವವರು ಮಗಳಿಗೂ ಒಂದು ಜೊತೆ ಕೊಡಿಸಲಿ. ಬಿರಿಯಾನಿ ಪಾತ್ರೆ ಕಾಯಲು ಈ ಸಲ ಗಂಡಸರಲ್ಲೇ ಯಾರಾದರೂ ವ್ಯಾನಿನ ಹತ್ತಿರ ಉಳಿಯಲಿ.