ಓದುಗರ ವಿಳಾಸ ಯಾರ ಕೈಯಲ್ಲಿ?

ಖಾನಾಪುರ ತಾಲೂಕಿನ ಹಲಸಿಯಿಂದ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಕೆಲವು ವರ್ಷಗಳಿಂದ ಕಥೆ ಬರೆಯುತ್ತಿದ್ದಾರಂತೆ. ಓದಿ ಮೆಚ್ಚುವವರು ಎಂಬತ್ತು ಮಂದಿಯಷ್ಟಿದ್ದಾರೆ. ಕೆಲವರು ಬೆಳಗಾವಿಯಲ್ಲಿ, ಕೆಲವರು ಗೋವಾದಲ್ಲಿ, ಒಂದಿಬ್ಬರು ದುಬೈಯಲ್ಲಿ. ತಿಂಗಳಿಗೊಂದು ಕಥೆಯನ್ನು ಅವರೆಲ್ಲರಿಗೂ ಇಮೇಲ್‌ನಲ್ಲಿ ಕಳಿಸುವ ಆಸೆ. ಅದಕ್ಕೆಂದೇ ಇರುವ ಸೇವೆಗಳಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದಾರೆ.

ವಾಟ್ಸ್ಆ್ಯಪ್ ಗುಂಪು ಮಾಡಿದರೆ ಸಾಲದೇ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಗುಂಪಿಗೆ ಸೇರಿದ ಹೆಣ್ಣುಮಕ್ಕಳ ಫೋನ್ ನಂಬರ್ ಅಪರಿಚಿತರ ಕೈಗೂ ಸಿಗಬಹುದು. ಇನ್ನು ಜಿಮೇಲ್. ಅದರಲ್ಲಿ ದಿನಕ್ಕೆ 500 ಮಂದಿಗೆ ಕಳಿಸಬಹುದು, ಎಂಬತ್ತು ಮಂದಿಗೆ ಧಾರಾಳವಾಯಿತು. ಆದರೆ ವಿಳಾಸಗಳನ್ನು 'ಬಿಸಿಸಿ' ಎಂಬಲ್ಲಿ ಹಾಕದೆ 'ಸಿಸಿ'ಯಲ್ಲಿ ಹಾಕಿದಿರೋ, ಎಲ್ಲರ ವಿಳಾಸವೂ ಎಲ್ಲರಿಗೂ ಬಯಲು. ಬೇಡವೆಂದವರ ಹೆಸರನ್ನು ನೆನಪಿಟ್ಟು ತೆಗೆಯುವ ಕೆಲಸವೂ ನಿಮ್ಮದೇ. ಓದುಗರು ಹೆಚ್ಚಿದಂತೆ ಬೇರೆ ಸೇವೆ ಬೇಕೇ ಬೇಕು.

ಓದುಗರನ್ನು ತಾನೇ ತಲುಪಬೇಕೆಂಬ ಹಂಬಲ ಹೊಸದೇನಲ್ಲ. ಹಾವೇರಿ ಕಡೆಯ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮನೆ ತಲುಪಿತು. ಅಷ್ಟು ಹೆಸರಿದ್ದೂ 1994ರಲ್ಲಿ ಅವರು ಚಂದ್ರಗಿರಿ ಪ್ರಕಾಶನವನ್ನು ಆರಂಭಿಸಿ ತಮ್ಮ ಕೃತಿಗಳನ್ನು ತಾವೇ ಹೊರತಂದರು. ಪತ್ರಿಕೆಯ ಚಂದಾದಾರರು ಪತ್ರಿಕೆಯವರು, ಪ್ರಕಾಶಕರ ಗಿರಾಕಿಗಳು ಪ್ರಕಾಶಕರವರು. ಬರೆದವಳ ಬಳಿ ಅವರ ವಿಳಾಸ ಇರುವುದಿಲ್ಲ.

ಇಮೇಲ್ ಸೇವೆಯಲ್ಲೂ ನೋಡಬೇಕಾದದ್ದು ಇದನ್ನೇ. ಬಣ್ಣಬಣ್ಣದ ವಿನ್ಯಾಸ ಆಮೇಲಿನ ಮಾತು. ಟೈನಿಲೆಟರ್ ಎಂಬ ಉಚಿತ ಸೇವೆಯೊಂದಿತ್ತು. ಬಹಳ ಸರಳ, ಲೇಖಕರಿಗೆ ಅಚ್ಚುಮೆಚ್ಚು. 2011ರಲ್ಲಿ ಮೇಲ್‌ಚಿಂಪ್ ಕಂಪನಿ ಅದನ್ನು ಕೊಂಡಿತು, 2024ರ ಫೆಬ್ರವರಿ 29ರಂದು ಮುಚ್ಚಿತು. ಅಷ್ಟರೊಳಗೆ ತಮ್ಮ ಪಟ್ಟಿಯನ್ನು ಇಳಿಸಿಕೊಂಡವರು ಬೇರೆ ಕಡೆ ಹೋಗಿ ಬರವಣಿಗೆ ಮುಂದುವರಿಸಿದರು. ಮೇಲ್‌ಚಿಂಪ್ ಕೂಡ ಒಂದು ಕಾಲಕ್ಕೆ 2000 ವಿಳಾಸಗಳವರೆಗೆ ಹಣ ಕೇಳುತ್ತಿರಲಿಲ್ಲ. ಆಮೇಲೆ ಆ ಮಿತಿಯನ್ನು ಬಹಳ ಇಳಿಸಿತು. ಉಚಿತ ಎಂಬುದು ಕಂಪನಿಯ ಮರ್ಜಿ ಇರುವ ತನಕ. ಆದ್ದರಿಂದ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲ ದಿನವೇ ಎರಡು ಹೆಸರು ಹಾಕಿ ಪರೀಕ್ಷಿಸಿ. ಆ ಕಡತ ಎಕ್ಸೆಲ್‌ನಲ್ಲಿ ತೆರೆಯುತ್ತದೆ. ತಿಂಗಳಿಗೊಮ್ಮೆ ಇಳಿಸಿ ಇಟ್ಟುಕೊಳ್ಳಿ. ನಿಮ್ಮ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳ ಬಗ್ಗೆ ಕೇಳಿರುತ್ತೀರಿ. ಅಂಥ ದಾನಪತ್ರಗಳನ್ನು ದಾನ ಪಡೆದವರ ಕೈಗೇ ಕೊಡುತ್ತಿದ್ದರು. ಹಕ್ಕಿನ ಕಾಗದ ಹಕ್ಕುದಾರರ ಮನೆಯಲ್ಲೇ ಇರಬೇಕು, ಅಲ್ಲವೇ?

ಇನ್ನೊಂದು ವಿಷಯವನ್ನು ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು. ವ್ಯಾಪಾರದ ಇಮೇಲ್‌ಗಳಲ್ಲಿ ಕಳಿಸುವವರ ಅಂಚೆ ವಿಳಾಸ ಇರಲೇಬೇಕೆಂದು ಅಮೆರಿಕದ 2003ರ ಕಾನೂನು ಹೇಳುತ್ತದೆ. ಈ ಸೇವೆಗಳಲ್ಲಿ ಹೆಚ್ಚಿನವು ಅಲ್ಲಿನವು. ಹಾಗಾಗಿ ಖಾತೆ ತೆರೆಯುವಾಗಲೇ ವಿಳಾಸ ಕೇಳುತ್ತವೆ. ನೀವು ಏನೂ ಯೋಚಿಸದೆ ಮನೆಯ ವಿಳಾಸ ಬರೆದರೆ, ಪ್ರತಿ ಕಥೆಯ ಅಡಿಯಲ್ಲೂ ಅದು ಅಚ್ಚಾಗಿ ಹೋಗುತ್ತದೆ. ಯಾರು ಯಾರಿಗೆ ಮುಂದೆ ಕಳಿಸುತ್ತಾರೋ ಬಲ್ಲವರಾರು? ಗಂಡಸರು ಬರೆದ ಸಲಹೆಗಳಲ್ಲಿ ಈ ಮಾತು ಅಪರೂಪ. ಸಬ್‌ಸ್ಟಾಕ್‌ನಲ್ಲಿ ನೀವು ಬದಲಿಸದಿದ್ದರೆ ಕಂಪನಿಯದೇ ವಿಳಾಸ ಹೋಗುತ್ತದೆ. ಕಿಟ್ ಎಂಬ ಸೇವೆಯೂ ತನ್ನ ವಿಳಾಸ ಬಳಸಲು ಬಿಡುತ್ತದೆ. ಉಳಿದವುಗಳಿಗೆ ಅಂಚೆ ಕಚೇರಿಯ ಪೋಸ್ಟ್ ಬಾಕ್ಸ್ ಬಾಡಿಗೆಗೆ ಪಡೆದು ಆ ನಂಬರನ್ನೇ ಕೊಡಬಹುದು.

ಹಣದ ಮಾತು ಬೇಗ ಮುಗಿಸುತ್ತೇನೆ. 2017ರಲ್ಲಿ ಶುರುವಾದ ಸಬ್‌ಸ್ಟಾಕ್ ಉಚಿತ ಬರಹಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ, ಚಂದಾ ಪಡೆದರೆ ಅದರಲ್ಲಿ ಶೇಕಡಾ 10 ಕಂಪನಿಗೆ. ಆದರೆ ಚಂದಾ ಹಣ ಬರುವುದು ಸ್ಟ್ರೈಪ್ ಮೂಲಕ. ಆ ಸಂಸ್ಥೆ 2024ರಲ್ಲಿ ಭಾರತದ ಹೊಸಬರಿಗೆ ಆಹ್ವಾನವಿದ್ದರೆ ಮಾತ್ರ ಖಾತೆ ಎಂದಿತು. ಸಂಪಾದನೆಯ ಲೆಕ್ಕ ಹಾಕಿಕೊಂಡು ಈ ದಾರಿ ಹಿಡಿಯಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಬೇರೆಯದೇ ತೊಡಕುಗಳಿವೆ. ನುಡಿಯ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಕಥೆ ದುಬೈಯ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಯೇ ಕಳಿಸಿ. ಇಮೇಲ್ 102 ಕೆಬಿ ಮೀರಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ 'ಪೂರ್ತಿ ನೋಡಿ' ಎಂಬ ಕೊಂಡಿ ಹಾಕುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ 'ಕ'ಗೆ ಮೂರು ಬೇಕು. ಒತ್ತು, ಗುಣಿತ ಸೇರಿದರೆ ಇನ್ನೂ ಹೆಚ್ಚು. ನೀಳ್ಗತೆಯಾದರೆ ಎರಡು ಕಂತು ಮಾಡಿ.

ಆ ಎಂಬತ್ತು ಮಂದಿಯನ್ನು ಕೇಳದೆ ಪಟ್ಟಿಗೆ ಸೇರಿಸಬೇಡಿ. ಬಾಗಿಲು ತಟ್ಟದೆ ಒಳಗೆ ಹೋದಂತಾಗುತ್ತದೆ. ಒಪ್ಪಿದವರನ್ನಷ್ಟೇ ಹಾಕಿ. ಮೊದಲ ಕಥೆಯನ್ನು ಎಲ್ಲರಿಗೂ ಕಳಿಸುವ ಮುನ್ನ ನಿಮಗೂ ಗೋವಾದ ಒಬ್ಬ ಓದುಗಳಿಗೂ ಕಳಿಸಿ ನೋಡಿ. ಸ್ಪ್ಯಾಮ್‌ಗೆ ಬಿದ್ದಿದೆಯೇ, ಅಡಿಯಲ್ಲಿ ಯಾವ ವಿಳಾಸವಿದೆ ಎಂದು ಅವಳಿಂದಲೇ ಓದಿಸಿ ಕೇಳಿ.