ಗುರುವಿಗೊಂದು ವಾಹನ: ಹೊಣೆ ಯಾರದು?

ಮಲೆನಾಡಿನ ಧರ್ಮಕೇಂದ್ರವೊಂದರಲ್ಲಿ ನಾನು ಎಳೆಯ ಗುರುವಾಗಿದ್ದ ಕಾಲ. ಅದರ ನಾಲ್ಕು ಉಪಕೇಂದ್ರಗಳಲ್ಲಿ ಅತಿ ದೂರದ್ದು 22 ಕಿಲೋಮೀಟರ್ ಆಚೆ, ಘಟ್ಟದ ಅಂಚಿನಲ್ಲಿತ್ತು. ಆಷಾಢದ ಒಂದು ಸಂಜೆ ಅಲ್ಲಿಂದ ಕರೆ ಬಂತು. ತೋಟದ ಲೈನ್ ಮನೆಯಲ್ಲಿದ್ದ ವೃದ್ಧೆಯೊಬ್ಬರು ಮರಣಾವಸ್ಥೆಯಲ್ಲಿದ್ದರು. ಕೊನೆಯ ಬಸ್ಸು ಹೊರಟುಹೋಗಿತ್ತು. ಬಾಡಿಗೆ ಜೀಪಿನವರು ಆ ಮಳೆಯಲ್ಲಿ ಬರಲೊಪ್ಪಲಿಲ್ಲ. ಬೆಳಗಿನ ಬಸ್ಸಿನಲ್ಲಿ ಹೋಗಿ ತಲುಪಿದಾಗ ಅಂಗಳದಲ್ಲಿ ಶವಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರು. ಆಕೆಯ ಮಗ ನನ್ನನ್ನು ದೂರಲಿಲ್ಲ. “ಅಮ್ಮ ರಾತ್ರಿಯಿಡೀ ಬಾಗಿಲನ್ನೇ ನೋಡುತ್ತಿದ್ದರು, ಫಾದರ್” ಎಂದಷ್ಟೇ ಹೇಳಿದ.

ಇಂದು ರಸ್ತೆಗಳು ಸುಧಾರಿಸಿವೆ. ಬಹುಪಾಲು ಗುರುಗಳ ಬಳಿ ದ್ವಿಚಕ್ರ ವಾಹನವಾದರೂ ಇದೆ. ಆದರೆ ಜಡಿಮಳೆಯ ರಾತ್ರಿಯಲ್ಲಿ ಅದು ಸಾಲದು. ರೋಗಿಯೊಬ್ಬನನ್ನು ಆಸ್ಪತ್ರೆಗೆ ಒಯ್ಯಲಂತೂ ಆಗದು.

“ಸಂತ ಜೋಸೆಫ್ ವಾಜರು ಬರಿಗಾಲಿನಲ್ಲಿ ನಡೆಯಲಿಲ್ಲವೇ? ಗುರುವಿಗೆ ಜೀಪೇಕೆ?” ಎಂದು ಕೇಳುವವರಿದ್ದಾರೆ. 1681ರಿಂದ ಕೆಲವು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಸಲ್ಲಿಸಿದ ಆ ಮಹನೀಯರು ನಡೆದದ್ದು ನಿಜ. ಆದರೆ ಅವರ ಗುರಿ ನಡೆಯುವುದಾಗಿರಲಿಲ್ಲ, ತಲುಪುವುದಾಗಿತ್ತು. ಸಾಧನದ ಯೋಗ್ಯತೆಯನ್ನು ಸಾಧ್ಯದಿಂದಲೇ ಅಳೆಯಬೇಕೆಂಬುದು ತತ್ತ್ವಶಾಸ್ತ್ರದ ಮೊದಲ ಪಾಠ. ವಾಹನವು ಪ್ರತಿಷ್ಠೆಗಾದರೆ ಅದು ದೋಷ. ರೋಗಿಯ ಹಾಸಿಗೆಯನ್ನು ತಲುಪಲಿಕ್ಕಾದರೆ ಅದು ಕರ್ತವ್ಯದ ಅಂಗ. ಮರಣಾಸನ್ನರನ್ನು ವಿಶೇಷ ಕಾಳಜಿಯಿಂದ ಸಂಸ್ಕಾರಗಳ ಮೂಲಕ ಸಂತೈಸಬೇಕೆಂದು 1983ರ ಧರ್ಮಸಭೆಯ ನಿಯಮಸಂಹಿತೆಯ 529ನೇ ವಿಧಿ ವಿಚಾರಣಾ ಗುರುವಿಗೆ ಆಜ್ಞಾಪಿಸುತ್ತದೆ.

ಜರ್ಮನಿಯ ಗುರು ಪೌಲ್ ಶುಲ್ಟೆ ಇದನ್ನು ಕಹಿ ಅನುಭವದಿಂದ ಅರಿತರು. ಇಂದಿನ ನಮೀಬಿಯಾದಲ್ಲಿ ಮಿಷನರಿಯಾಗಿದ್ದ ಅವರ ಗೆಳೆಯ ಓಟ್ಟೊ ಫೂರ್‌ಮನ್ 1925ರಲ್ಲಿ ಜ್ವರದಿಂದ ತೀರಿಕೊಂಡರು. ಸಕಾಲದಲ್ಲಿ ವೈದ್ಯರ ಬಳಿಗೆ ಒಯ್ಯಲು ವಾಹನವಿರಲಿಲ್ಲ. ಶುಲ್ಟೆಯವರು 1927ರಲ್ಲಿ ‘ಮೀವಾ’ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಮಿಷನ್ ಪ್ರದೇಶಗಳಿಗೆ ವಾಹನಗಳನ್ನು ಕಳುಹಿಸತೊಡಗಿದರು. 1949ರಲ್ಲಿ ಆಸ್ಟ್ರಿಯದಲ್ಲಿಯೂ ಅದು ಆರಂಭವಾಯಿತು. ಅಲ್ಲಿನ ಭಕ್ತರನ್ನು ಪ್ರತಿ ಜುಲೈಯಲ್ಲಿ ಸಂತ ಕ್ರಿಸ್ಟೋಫರರ ಹೆಸರಿನಲ್ಲಿ ಕೇಳುವುದು ಇಷ್ಟೇ: ಅಪಘಾತವಿಲ್ಲದೆ ಓಡಿಸಿದ ಒಂದೊಂದು ಕಿಲೋಮೀಟರಿಗೆ ಸೆಂಟಿನ ಹತ್ತನೆಯ ಒಂದು ಪಾಲು. ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಪೈಸೆ!

ನಾವೂ ಹೀಗೆ ಮಾಡಬಾರದೇಕೆ? ಹೊಸ ಕಾರನ್ನು ಆಶೀರ್ವದಿಸಿರೆಂದು ಪಟ್ಟಣದ ಕುಟುಂಬಗಳು ನಮ್ಮ ಬಳಿಗೆ ಬರುತ್ತವೆ. ವರ್ಷಕ್ಕೆ 10,000 ಕಿಲೋಮೀಟರ್ ಸುರಕ್ಷಿತವಾಗಿ ಓಡಿದ ಕಾರಿನ ಕೃತಜ್ಞತೆ 1,000 ರೂಪಾಯಿ. ಪಟ್ಟಣದ ಕೆಲವು ಧರ್ಮಕೇಂದ್ರಗಳು ಕೂಡಿ ಬಡ ಧರ್ಮಕೇಂದ್ರವೊಂದರ ಹೊಣೆ ಹೊರಬಹುದು. ಆದರೆ ವಾಹನವು ಗುರುವಿನ ಹೆಸರಿನಲ್ಲಿರದೆ ಧರ್ಮಕೇಂದ್ರದ ಹೆಸರಿನಲ್ಲಿರಲಿ. ಓಡಾಟದ ಪುಸ್ತಕವನ್ನು ಪಾಲನಾ ಮಂಡಳಿ ತಿಂಗಳಿಗೊಮ್ಮೆ ನೋಡಲಿ. ಡೀಸೆಲ್, ವಿಮೆ, ದುರಸ್ತಿಗಳ ವೆಚ್ಚವನ್ನೂ ಮೊದಲೇ ಯೋಚಿಸಲಿ. ಇಲ್ಲವಾದರೆ ದಾನದ ಜೀಪು ಮೂರೇ ವರ್ಷದಲ್ಲಿ ಚರ್ಚಿನ ಹಿತ್ತಲಲ್ಲಿ ತುಕ್ಕು ಹಿಡಿದೀತು. ಜಾತಿ-ಮತ ಕೇಳದೆ ಊರಿನ ಎಲ್ಲ ರೋಗಿಗಳಿಗೂ ಅದು ಒದಗಲಿ.

ಪ್ರಿಯ ಬಾಂಧವರೇ, ಜೆರುಸಲೇಮನ್ನು ಪ್ರವೇಶಿಸುವ ದಿನ ಪ್ರಭು ಯೇಸುವೂ ಪರರ ಕತ್ತೆಮರಿಯೊಂದನ್ನು ಕೇಳಿ ತರಿಸಿಕೊಂಡರು. ಕೊಟ್ಟವರ ಹೆಸರನ್ನು ಶುಭಸಂದೇಶ ಹೇಳುವುದಿಲ್ಲ. ಅವರು ತಡೆಯದೆ ಕೊಟ್ಟರೆಂದಷ್ಟೇ ಹೇಳುತ್ತದೆ. ಇಂದಿಗೂ ಯಾವುದೋ ಲೈನ್ ಮನೆಯಲ್ಲಿ ಯಾರೋ ಬಾಗಿಲನ್ನೇ ನೋಡುತ್ತಿರಬಹುದು. ಅವರಿಗಾಗಿ ನಾವೂ ತಡೆಯದೆ ಕೊಡೋಣ.