ಟ್ರಂಕು ಹೋದರೂ ಪಟ್ಟಿ ಇರಲಿ

“ಅಕ್ಕಾ, ಉಟ್ಟ ಸೀರೀಲೇ ಮನಿ ಬಿಟ್ಟು ಬಂದ್ರ ನನ್ನ ಬಂಗಾರದ ಮ್ಯಾಲಿನ ಹಕ್ಕು ಹೋಗ್ತದೇನ್ರಿ?”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸೋದರಿಯರು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಪ್ರಶ್ನೆ ಇದು. ಉತ್ತರ ಒಂದೇ ಮಾತಿನದು: ಹೋಗುವುದಿಲ್ಲ.

ತವರಿನವರು ಹಾಕಿದ ಬೋರಮಾಳ, ಪಾಟಲಿ, ಆಯೇರಿಯಲ್ಲಿ ಬಂದ ಇಳಕಲ್ ಸೀರೆ, ತಾಮ್ರದ ಹಂಡೆ, ಅತ್ತೆಮನೆಯವರು ನಿಮಗೆಂದೇ ಕೊಟ್ಟ ಒಡವೆ ಇವೆಲ್ಲ ಸ್ತ್ರೀಧನ. ಪ್ರತಿಭಾ ರಾಣಿ ಎಂಬಾಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ: ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಸ್ತ್ರೀಧನ ಗಂಡನದಾಗದು; ಅದನ್ನು ಕೊಡದೆ ನುಂಗಿದರೆ ನಂಬಿಕೆದ್ರೋಹದ ಅಪರಾಧ. ಅದನ್ನು ಹಿಂದಿರುಗಿಸುವಂತೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ತಲಾಖ್ ಆದ ಮುಸ್ಲಿಂ ಸೋದರಿಗೆ ಮೆಹರ್ ಮತ್ತು ಮದುವೆಯ ವಸ್ತುಗಳನ್ನು ಕೇಳುವ ಹಕ್ಕು 1986ರ ಕಾಯ್ದೆಯಲ್ಲಿದೆ.

ಆದರೆ ಹಕ್ಕಿಗೆ ಸಾಕ್ಷಿ ಬೇಕಲ್ಲ! ಸಮಯವಿರುವಾಗಲೇ ಇಷ್ಟು ಮಾಡಿಕೊಳ್ಳಿರಿ.

ಮೊದಲು ಪಟ್ಟಿ. ಯಾವ ಒಡವೆ, ಎಷ್ಟು ತೊಲ, ಯಾರು ಕೊಟ್ಟರು, ಈಗ ಎಲ್ಲಿದೆ ಎಂದು ಬರೆದು, ತಾರೀಖು ಹಾಕಿ, ಒಂದು ಪ್ರತಿ ತವರಿನಲ್ಲಿಡಿ. ಒಡವೆ ತೊಟ್ಟ ಮದುವೆ ಫೋಟೋ, ಅಕ್ಕಸಾಲಿಗನ ರಸೀತಿ ಜೊತೆಗಿರಲಿ. ಟ್ರಂಕು, ಕಪಾಟುಗಳ ಫೋಟೋ ಮೊಬೈಲಿನಲ್ಲಿ ತೆಗೆದು ಅಣ್ಣನಿಗೋ ತಂಗಿಗೋ ಕಳಿಸಿರಿ.

ಎರಡನೆಯದು ಕಾಗದದ ಗಂಟು. ನಿಮ್ಮ ಆಧಾರ್, ಪಾಸ್‌ಬುಕ್, ಅಂಕಪಟ್ಟಿ, ಲಗ್ನಪತ್ರಿಕೆ ಅಥವಾ ನಿಕಾಹನಾಮಾ, ಮಕ್ಕಳ ಜನನ ಪ್ರಮಾಣಪತ್ರ, ದವಾಖಾನೆ ಚೀಟಿ ಇವುಗಳ ಮೂಲಪ್ರತಿಯೇ ಇರಲಿ. ಪಡಿತರ ಚೀಟಿ, ಹೊಲದ ಪಹಣಿ, ಗಂಡನ ಸಂಬಳದ ಚೀಟಿ ಇವುಗಳ ನಕಲು ಸಾಕು. ಮುಂದೆ ಜೀವನಾಂಶ ಕೇಳುವಾಗ ಬೇಕಾಗುತ್ತವೆ. ನಿಮ್ಮದಲ್ಲದ ಮೂಲ ಕಾಗದ ಮಾತ್ರ ಎತ್ತಬೇಡಿ, ಕಳವಿನ ಮಾತು ಮೈಮೇಲೆ ಬಂದೀತು. ಎ.ಟಿ.ಎಂ. ಗುಪ್ತಸಂಖ್ಯೆಯನ್ನೂ ಬದಲಿಸಿರಿ.

ಮೂರನೆಯದು ಸಹಿ. ಹಿರಿಯರು ಕಟ್ಟೆಗೆ ಕೂಡಿಸಿ “ಸೋಡಚೀಟಿಗೆ ಒಂದು ಸಹಿ ಹಾಕು, ಮುಗೀತು” ಅಂದಾರು. ಖಾಲಿ ಬಾಂಡಿಗಾಗಲಿ, ಓದಿ ತಿಳಿಯದ ಕಾಗದಕ್ಕಾಗಲಿ ಹೆಬ್ಬೆಟ್ಟೂ ಒತ್ತಬ್ಯಾಡ್ರಿ. “ಬಂಗಾರ ಮುಟ್ಟಿತು” ಎಂಬ ಒಂದು ಸಾಲು ಅದರೊಳಗಿದ್ದರೆ ಮುಂದೆ ಬಿಡಿಸಿಕೊಳ್ಳುವುದು ಕಷ್ಟ.

ಜೀವಕ್ಕೇ ಅಪಾಯವಿದ್ದರೆ ಇದಾವುದಕ್ಕೂ ಕಾಯಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಡಿ, 112 ಅಥವಾ 181ಕ್ಕೆ ಫೋನು ಮಾಡಿ. ಕಾಗದಗಳ ನಕಲು ಮತ್ತೆ ಸಿಗುತ್ತದೆ. ಉಳಿದ ಸಾಮಾನನ್ನು ಪೊಲೀಸರ ಸಮಕ್ಷಮ ತರಬಹುದು.

ವಕೀಲರ ಫೀಸಿನ ಚಿಂತೆಯೇ? 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿರಿ. 15100ಕ್ಕೆ ಫೋನೂ ಮಾಡಬಹುದು.

ಮನೆ ಮುರಿಯಲೆಂದು ಬರೆದ ಮಾತಲ್ಲವಿದು. ಬಾಳು ನೆಟ್ಟಗಾದರೆ ಪಟ್ಟಿ ಟ್ರಂಕಿನ ತಳದಲ್ಲೇ ಇರಲಿ, ಅದಕ್ಕೇನೂ ಹುಳ ಹಿಡಿಯುವುದಿಲ್ಲ. ಆಗದಿದ್ದರೆ, ಬರಿಗೈಲಿ ನಿಲ್ಲುವ ಗತಿ ಮಾತ್ರ ನಿಮಗೆ ಬಾರದು.